ಅವ್ವನ ಹಸಿರು ಬಳೆ

ಅಕ್ಕನಿಗೆ ಹೇಳಬೇಕಾಗಿದ್ದ ಒಂದು ಮಾತನ್ನು ನಾನು ಆರು ವರ್ಷ ಹೇಳಲಿಲ್ಲ. ಮೊನ್ನೆ ನನ್ನ ಮಗಳು ಒಡೆದ ಬಳೆಚೂರನ್ನು ಮೇಣದಬತ್ತಿಗೆ ಹಿಡಿದು ಬಗ್ಗಿಸಿ, ಬಿಸಿಯಿದ್ದಾಗಲೇ ನೀರಿಗೆ ಹಾಕಿದಳು. ಟಿಕ್ ಎಂದಿತು. ಆ ಸದ್ದು ನನಗೆ ಪರಿಚಯದ್ದು.

ಬಳೆಚೂರಿನ ಸರ ನೀವೂ ಚಿಕ್ಕಂದಿನಲ್ಲಿ ಮಾಡಿರಬಹುದು. ಒಂದು ಚೂರಿನ ತುದಿಗಳನ್ನು ಬಗ್ಗಿಸಿ ಕೂಡಿಸುವುದು, ಅದರೊಳಗೆ ಇನ್ನೊಂದನ್ನು ಪೋಣಿಸುವುದು. ಗೊಳಸಂಗಿಯ ನಮ್ಮ ಮನೆಯ ಬಾಗಿಲಿಗೆ ಅಕ್ಕ ಮಾಡಿದ ಅಂಥ ತೋರಣವೇ ಇತ್ತು. ಚೂರು ಹೆಕ್ಕಿ ತರುವುದು ನನ್ನ ಕೆಲಸ, ಬೆರಳು ಸುಟ್ಟುಕೊಳ್ಳುವುದು ಅವಳದು. ನಾನು ಏಳನೆಯ ತರಗತಿಗೇ ಶಾಲೆ ಬಿಟ್ಟೆ. ಅವಳು ಆ ಆಟವನ್ನು ಬಿಡಲೇ ಇಲ್ಲ. ಉತ್ತರ ಭಾರತದ ಕಡೆ ಹೋಗಿ ನಾಲ್ಕು ವರ್ಷ ಗಾಜಿನ ಕೆಲಸ ಕಲಿತು ಬಂದು, ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಕುಲುಮೆ ಹೂಡಿದಳು. ಕಬ್ಬಿಣದ ಕೊಳವೆಯ ತುದಿಗೆ ಕರಗಿದ ಗಾಜು ಸುತ್ತಿಕೊಂಡು ಊದುವಾಗ ಪಕ್ಕದ ಮನೆಯ ಮಾಬೂಬಿ ಗೋಡೆಯ ಮೇಲಿಂದ ಇಣುಕಿ, "ಊದೂದು ಕಲ್ಯಾಕ ಅಷ್ಟು ದೂರ ಹೋಗಿದ್ದೇನವ್ವಾ? ನಮ್ಮ ಒಲಿ ಊದಿದ್ರ ಸಾಕಾಗಿತ್ತು" ಎನ್ನುತ್ತಿದ್ದಳು.

"ನಿಮ್ಮ ಒಲ್ಯಾಗ ಬರೇ ಹೊಗಿ ಬರತೈತಿ, ಖಾಲಾ" ಎನ್ನುತ್ತಿದ್ದಳು ಅಕ್ಕ.

ಅವ್ವ ತೀರಿಕೊಂಡ ಮೇಲೆ, ಬಾಗೇವಾಡಿ ಸಂತೆಯಲ್ಲಿ ಕೊಂಡು ಹಬ್ಬಕ್ಕಷ್ಟೇ ತೊಡುತ್ತಿದ್ದ ಅವಳ ಹಸಿರು ಬಳೆಗಳು ಒಂದು ಡಬ್ಬಿಯಲ್ಲಿ ಉಳಿದವು. ಅಕ್ಕ ಅವನ್ನು ಕರಗಿಸಿ ಒಂದು ಬಟ್ಟಲು ಊದಿದಳು. ಅದು ಚೆನ್ನಾಗಿ ಬಂದರೆ ಊರೂರಿನ ಹೆಣ್ಣುಮಕ್ಕಳ ಹಳೆಯ ಬಳೆ ಕೂಡಿಸಿ, ಅದನ್ನೇ ತನ್ನ ಕೆಲಸವಾಗಿ ಹಿಡಿಯುವ ಆಸೆ ಅವಳಿಗೆ. ಕಾದ ಗಾಜು ಒಮ್ಮೆಗೇ ತಣಿದರೆ ಸೀಳುತ್ತದೆ. ಅದಕ್ಕೇ ಬಟ್ಟಲನ್ನು ಬಿಸಿ ಗೂಡಿನಲ್ಲಿಟ್ಟು ಮೆಲ್ಲಗೆ ಆರಲು ಬಿಟ್ಟಳು. ಕುಲುಮೆಯ ಗ್ಯಾಸ್ ಸಿಲಿಂಡರ್ ತರಲು ಇಂಡಿಗೆ ಹೊರಟವಳು, "ನಾಳೀತನಕ ಗೂಡಿನ ಬಾಗಲಾ ಮುಟ್ಟಬ್ಯಾಡ. ನಿನ್ನ ಕೈ ಸುಮ್ಮ ಇರೂದಿಲ್ಲ, ನನಗ ಗೊತ್ತೈತಿ" ಎಂದಳು.

ಅಂದೇ ಮಧ್ಯಾಹ್ನ ಹಲಸಂಗಿಯಿಂದ ಅವ್ವನ ತಂಗಿ, ನಮ್ಮ ಚಿಗವ್ವ ಬಂದಳು. ಬಟ್ಟಲಿನ ಸುದ್ದಿ ಕೇಳಿ, "ಬಸ್ಸಿಗೆ ಹೊತ್ತಾತು. ನಿಮ್ಮವ್ವನ ಹಸರು ಬಳಿ ಒಂದೀಟು ಕಣ್ಣಿಲೆ ನೋಡಿ ಹೋಗ್ತೇನಿ" ಎಂದಳು. ಇಲ್ಲ ಎನ್ನಲು ಬಾಯಿ ಬರಲಿಲ್ಲ. ತೋರಿಸುವ ಜಂಬವೂ ನನಗಿತ್ತು. ಗೂಡಿನ ಬಾಗಿಲನ್ನು ಗೇಣುದ್ದ ತೆರೆದೆ. ಚಿಗವ್ವ ಕೈಮುಗಿದು, ಬೆರಳು ಕಣ್ಣಿಗೊತ್ತಿಕೊಂಡಳು. ಒಳಗೆ ಟಿಕ್ ಎಂದಿತು.

ಮರುದಿನ ಬಟ್ಟಲು ಎರಡು ಹೋಳಾಗಿತ್ತು. ಅಕ್ಕ ಬಹಳ ಹೊತ್ತು ಹೋಳುಗಳನ್ನು ಹೊರಳಿಸಿ ನೋಡಿ, "ಬಳಿ ಗಾಜು ಇದಕ್ಕ ಒಗ್ಗೂದಿಲ್ಲ. ನಂದ ಹುಚ್ಚು" ಎಂದಳು. ನಾನು ಪಕ್ಕದಲ್ಲೇ ನಿಂತು ಹೌದೆಂದು ತಲೆಯಾಡಿಸಿದೆ. ಆಮೇಲೆ ಅವಳು ಬಳೆ ಮುಟ್ಟಲಿಲ್ಲ. ಸಿಂದಗಿ, ಮುದ್ದೇಬಿಹಾಳದಿಂದ ಬರುವವರಿಗೆ ಹೂದಾನಿ, ದೀಪದ ಬುರುಡೆ ಊದಿ ಕೊಡುತ್ತಾಳೆ. ಚೆಂದವೇ ಇರುತ್ತವೆ. ಆದರೆ ಮೊದಲಿನಂತೆ "ಬಾ ಇಲ್ಲಿ, ನೋಡು" ಎಂದು ನನ್ನನ್ನು ಕರೆಯುವುದಿಲ್ಲ.

ಮೊನ್ನೆ ಮಗಳ ಚೂರು ಸೀಳಿದಾಗ ಅಕ್ಕ ಅಲ್ಲೇ ಕೂತಿದ್ದಳು. "ಅಳಬ್ಯಾಡವ್ವಾ. ಬಳಿ ಗಾಜಿನ ಗುಣಾನ ಹಂಗ" ಎಂದಳು. ಮಗು ಅದನ್ನು ನಂಬಿ, ಉಳಿದ ಚೂರುಗಳನ್ನು ಕಸಕ್ಕೆ ಸುರಿಯಲು ಎದ್ದಿತು. ನಾನು ಅದರ ಕೈ ಹಿಡಿದೆ.

"ಅಕ್ಕಾ, ಬಳಿ ಗಾಜಿಂದು ಏನೂ ತಪ್ಪಿಲ್ಲ. ಅವತ್ತ ಚಿಗವ್ವಗ ತೋರಸಾಕ ಗೂಡಿನ ಬಾಗಲಾ ನಾನ ತಗದಿದ್ನಿ. ನಿನ್ನ ಕೆಲಸಾನೂ ಕೆಡಿಸಿದ್ನಿ, ಸುಮ್ಮನೂ ಇದ್ನಿ. ನಂದು ತಪ್ಪಾತು."