ಒಂದೂವರೆ

ಹೀರಾ ತೇರದಾಳದ ವ್ಯಾಪಾರಸ್ಥರ ಮಗಳು. ಚಿಕ್ಕಂದಿನಿಂದಲೂ ಒಂದು ಕಡೆ ಕೂತವಳಲ್ಲ. ಬಿ.ಎಡ್ ಮುಗಿಸಿ, ಜಮಖಂಡಿಗೆ ಸೊಸೆಯಾಗಿ ಬಂದು, ರನ್ನ ಬೆಳಗಲಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಲು ತೊಡಗಿ ಹನ್ನೆರಡು ವರ್ಷವಾಗಿತ್ತು. ಪಾಠವೆಲ್ಲ ಬಾಯಿಪಾಠ. ಸರಳ ಯಂತ್ರಗಳ ಪಾಠವಂತೂ ಕಣ್ಣು ಮುಚ್ಚಿ ಹೇಳಬಲ್ಲಳು: ಚಲಿಸುವ ರಾಟೆಯಿಂದ ಒಂದು ಕಿಲೋ ಎತ್ತಲು ಅರ್ಧ ಕಿಲೋದಷ್ಟು ಎಳೆದರೆ ಸಾಕು, ಯಾಂತ್ರಿಕ ಲಾಭ ಎರಡು.

ಆ ಸೋಮವಾರ ಎಂಟನೆಯ ತರಗತಿಯ ಪ್ರಯೋಗದ ನೋಟ್‌ಬುಕ್ ತಿದ್ದುತ್ತಿದ್ದಾಗ ವೈಶಾಲಿ ಎಂಬ ಹುಡುಗಿಯ ಉತ್ತರ ಕಣ್ಣಿಗೆ ಬಿತ್ತು. ಎಲ್ಲರೂ ಎರಡು ಬರೆದಿದ್ದರೆ ಇವಳೊಬ್ಬಳು ಒಂದೂವರೆ ಬರೆದಿದ್ದಳು. ಹೀರಾ ಕೆಂಪು ಗೆರೆ ಎಳೆದು ಸೊನ್ನೆ ಹಾಕಿದಳು.

"ನಾ ತೂಗಿ ನೋಡೇನ್ರಿ ಅಕ್ಕೋರ," ಎಂದಳು ವೈಶಾಲಿ, ನೋಟ್‌ಬುಕ್ ಹಿಡಿದುಕೊಂಡೇ. "ತಕ್ಕಡಿ ಮ್ಯಾಲ ಆರನೂರಾ ಐವತ್ತ ಗ್ರಾಂ ಬಂತ್ರಿ. ಮೂರ ಸಲ ನೋಡೇನಿ."

"ನೀ ನೆಟ್ಟಗ ಹಿಡದಿರಾಕಿಲ್ಲ. ಕೂಡ್ರು."

ಹುಡುಗಿ ಕೂತಳು. ಹೀರಾಳಿಗೆ ಮಾತ್ರ ಕೂರಲಾಗಲಿಲ್ಲ. ಸಂಜೆ ರಾಟೆ, ಸ್ಪ್ರಿಂಗ್ ತಕ್ಕಡಿ, ತೂಕದ ಕಲ್ಲು ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಬಸ್ ಹತ್ತಿದಳು. ಮನೆಗೆ ಹೋದವಳೇ ತೊಟ್ಟಿಲು ಕಟ್ಟುವ ಕೊಂಡಿಗೆ ದಾರ ಬಿಗಿದು ಎಳೆದಳು. ಆರುನೂರಾ ಐವತ್ತು. ಬಿಚ್ಚಿ ಮತ್ತೆ ಕಟ್ಟಿದಳು. ಮತ್ತೆ ಅಷ್ಟೇ.

"ಹೊತ್ತ ಮುಳಗಾಕ ಬಂತು, ಎರಡ ತುತ್ತರ ಉಣ್ಣ ಬಾರವಾ," ಎಂದು ಅತ್ತೆ ಎರಡು ಸಲ ಕರೆದರು. ಹೀರಾ ಆಗ ಹೊಲಿಗೆ ಮಷಿನ್ನಿನ ಎಣ್ಣೆ ಹುಡುಕುತ್ತಿದ್ದಳು. ರಾಟೆಯ ತುಕ್ಕು ಉಜ್ಜಿ, ಎಣ್ಣೆ ಬಿಟ್ಟು ಎಳೆದಾಗ ಮುಳ್ಳು ಐನೂರಾ ತೊಂಬತ್ತಕ್ಕೆ ಇಳಿಯಿತು. ರಾಟೆಯನ್ನೇ ತೂಗಿದರೆ ಅದರ ಮೈಯೇ ನೂರು ಗ್ರಾಂ! ಕಲ್ಲಿನ ಜೊತೆ ಅದನ್ನೂ ಎತ್ತಬೇಕಲ್ಲ. ಹಾಗಾದರೆ ಐನೂರು ಎಲ್ಲಿಂದ ಬರಬೇಕು? ತಲೆ ಎತ್ತಿ ನೋಡುವಷ್ಟರಲ್ಲಿ ಸೂರ್ಯ ಮುಳುಗಿದ್ದ. ಹೊತ್ತು ಮುಳುಗಿದ ಮೇಲೆ ಉಣ್ಣದ ಜೈನರ ಮನೆ; ಅಂದಿನ ಊಟ ಹೋಯಿತು.

ಹಸಿವಿಗಿಂತ ಬೇರೊಂದು ಅವಳನ್ನು ಕಾಡಿತು. ಕಾಲೇಜಿನಲ್ಲಿ ಅವಳ ತಕ್ಕಡಿಯೂ ಆರುನೂರರ ಮೇಲೆಯೇ ತೋರಿಸಿತ್ತು. ಪಕ್ಕದವಳನ್ನು ನೋಡಿ ಐನೂರು ಎಂದು ಬರೆದು ಪೂರ್ತಿ ಅಂಕ ತೆಗೆದುಕೊಂಡಿದ್ದಳು. ಆಮೇಲೆ ಹನ್ನೆರಡು ವರ್ಷ ಅದನ್ನೇ ಬರೆಸಿದ್ದಳು.

ಮರುದಿನ ಸ್ಟಾಫ್ ರೂಮಿನಲ್ಲಿ ಗಣಿತದ ಶಂಕರೆಪ್ಪ ಮಾಸ್ತರರಿಗೆ ಹೇಳಿದರೆ ಅವರು ಚಹಾದ ಕಪ್ಪು ಕೆಳಗಿಡಲಿಲ್ಲ.

"ಪರೀಕ್ಷಾದಾಗ ಎರಡಂತ ಬರದ್ರ ಮಾರ್ಕ್ಸ್, ಒಂದೂವರಿ ಬರದ್ರ ಸೊನ್ನಿ. ಸುಮ್ಮ ಯಾಕ ತಲಿ ಕೆಡಿಸಿಕೋತೀರಿ ಮೇಡಮ್ಮಾರ?"

ಹೀರಾ ತರಗತಿಗೆ ಹೋದಳು. ವೈಶಾಲಿಯ ನೋಟ್‌ಬುಕ್ ಇಸಿದುಕೊಂಡು ತಾನು ಹಾಕಿದ್ದ ಸೊನ್ನೆಯನ್ನು ಹೊಡೆದು ಹಾಕಿದಳು. "ಇಕೀದ ಬರೋಬ್ಬರಿ ಐತಿ. ನಾನೂ ಕಲಿಯುವಾಗ ಸುಳ್ಳ ಬರದಿದ್ದೆ," ಎಂದಳು. ಘರ್ಷಣೆ ಇಲ್ಲ, ರಾಟೆಗೆ ತೂಕವೇ ಇಲ್ಲ ಎಂದುಕೊಂಡರೆ ಎರಡು. ಕೈಯಲ್ಲಿ ಹಿಡಿದ ರಾಟೆಗೆ ಎಷ್ಟು ಬರುತ್ತದೋ ಅಷ್ಟು ಎಂದು ಬಿಡಿಸಿ ಹೇಳಿ, ಎಲ್ಲರಿಂದಲೂ ಮತ್ತೆ ಅಳೆಸಿದಳು.

ಮುಂದಿನ ತಿಂಗಳು ತಪಾಸಣೆಗೆ ಬಂದ ಅಧಿಕಾರಿ ಆ ನೋಟ್‌ಬುಕ್‌ಗಳನ್ನೇ ತೆರೆದರು. ಒಂದರಲ್ಲಿ ಒಂದೂವರೆ, ಇನ್ನೊಂದರಲ್ಲಿ ಒಂದು ಪಾಯಿಂಟ್ ಏಳು.

"ಇದರಾಗ ಖರೇದ ಯಾವದ್ರೀ?"

"ಎಲ್ಲಾನೂ ಹುಡುಗರ ಅಳದ ಬರದದ್ದರೀ ಸರ್."

ಅವರು ಏನೋ ಬರೆದುಕೊಂಡು ಎದ್ದರು. ಹೀರಾ ಎಂಟು ದಿನ ಚಡಪಡಿಸಿದಳು. ಬಸ್ಸಿನಲ್ಲಿ ತನ್ನ ಸ್ಟಾಪು ದಾಟಿ ಹೋದಳು, ಅನ್ನಕ್ಕೆ ಎರಡು ಸಲ ಉಪ್ಪು ಹಾಕಿದಳು. ಒಂಬತ್ತನೆಯ ದಿನ ಹೆಡ್ ಮಾಸ್ತರರು ಕರೆದು ಕಾಗದ ಮುಂದಿಟ್ಟರು: ಪ್ರಯೋಗದ ಫಲಿತಾಂಶಗಳಲ್ಲಿ ಏಕರೂಪತೆ ಇಲ್ಲ, ಶಿಕ್ಷಕಿ ಎಚ್ಚರ ವಹಿಸತಕ್ಕದ್ದು.

ಹೀರಾ ಸಹಿ ಮಾಡಿ ಕಾಗದ ತಿರುಗಿ ಕೊಟ್ಟಳು. ಹೊರಗೆ ಗಂಟೆ ಹೊಡೆದು ಹತ್ತು ನಿಮಿಷವಾಗಿತ್ತು. ಅವಳು ಓಡುತ್ತಲೇ ತರಗತಿಗೆ ಬಂದು, ಇಳಿಜಾರಿನ ಪಾಠಕ್ಕೆಂದು ತರಿಸಿದ್ದ ಹಲಗೆಯನ್ನು ಬೆಂಚಿಗೆ ಆನಿಸಿ ನಿಲ್ಲಿಸಿದಳು.

"ಪುಸ್ತಕ ಮುಚ್ಚರಿ," ಎಂದಳು, ಏದುಸಿರು ಬಿಡುತ್ತ. "ಮೊದಲ ಎಳದ ನೋಡರಿ."