ರಸ್ತೆ ಮಾಡಿದ ತಾತನಿಗೆ ಸನ್ಮಾನ

ನೈರೋಬಿಯ ಕಿಲೆಲೆಶ್ವಾ ಬಡಾವಣೆಯ ನಮ್ಮ ಫ್ಲ್ಯಾಟಿಗೆ ಕೆಲಸಕ್ಕೆ ಬರುತ್ತಿದ್ದ ಕೀನ್ಯಾದ ಹೆಂಗಸಿನ ತಾತನಿಗೆ ನೂರು ದಾಟಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರ ಸೈನ್ಯ ಸೇರಿ, ದೇಶದ ಉತ್ತರದ ಮರುಭೂಮಿಯಲ್ಲಿ ಲಾರಿಗಳು ಓಡಾಡಲು ರಸ್ತೆ ಮಾಡಿದವರು. ಇದು ಕಿವಿಗೆ ಬಿದ್ದ ಮೇಲೆ ನಾನು ಸುಮ್ಮನಿರುವುದುಂಟೇ? ಭಾನುವಾರ ಅವಳ ಮನೆಗೇ ಹೋಗಿ ತಾತನೆದುರು ಕೂತೆ. ನೀರು ಎಲ್ಲಿಂದ ತರುತ್ತಿದ್ದಿರಿ? ಬಂಡೆ ಹೇಗೆ ಒಡೆಯುತ್ತಿದ್ದಿರಿ? ಆ ಬಿಸಿಲಲ್ಲಿ ಹಾರೆ ಮುಟ್ಟಲಾಗುತ್ತಿತ್ತೇ? ಮೊಮ್ಮಗಳು ನನ್ನ ಪ್ರಶ್ನೆಗಳನ್ನು ತಮ್ಮ ಭಾಷೆಗೆ ತಿರುಗಿಸಿ ಅವರ ಕಿವಿಯಲ್ಲಿ ಕೂಗಿ ಕೂಗಿ ಸುಸ್ತಾದಳು.

"ನೀರು ಲಾರಿಯಲ್ಲಿ ಬರುತ್ತಿತ್ತು. ಬಾರದ ದಿನಗಳೂ ಇದ್ದವು," ಎಂದರು ತಾತ. "ನನ್ನ ತುಕಡಿಯ ಒಂಬತ್ತು ಜನ ಅಲ್ಲೇ ಸತ್ತರು. ಅವರ ಹೆಸರು ಎಲ್ಲೂ ಬರೆದಿಲ್ಲ. ನಾನು ಹೋದರೆ ಅವೂ ಹೋದವು. ಒಂದು ಸಲ ಜನರ ಮುಂದೆ ಹೇಳಬೇಕು."

ಅಷ್ಟೇ ತಾನೆ ಎಂದುಕೊಂಡು, ನೈರೋಬಿಯ ನಮ್ಮ ಕನ್ನಡದವರ ರಾಜ್ಯೋತ್ಸವದಲ್ಲಿ ಅವರಿಗೊಂದು ಸನ್ಮಾನ ಇಡಿಸಿದೆ. ನಮ್ಮ ಸನ್ಮಾನದ ಪದ್ಧತಿ ಗೊತ್ತಿದ್ದೂ ಮರೆತೆನಲ್ಲ, ನನ್ನ ಬುದ್ಧಿಗಿಷ್ಟು ಬೆಂಕಿ ಬೀಳಲಿ! ಮಾತಾಡುವವರು ಸನ್ಮಾನ ಮಾಡುವವರು. ಮಾಡಿಸಿಕೊಳ್ಳುವವರು ಹಾರ ಹೊತ್ತು ಕೂರಬೇಕು, ಅಷ್ಟೆ. ತಾತನಿಗೆ ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ಮುಖ್ಯ ಅತಿಥಿಗಳು ತಾತನನ್ನು ಬಿಟ್ಟು, ಇಂಡಸ್ಟ್ರಿಯಲ್ ಏರಿಯಾದಲ್ಲಿ ತಾವು ಕಟ್ಟಿದ ಫ್ಯಾಕ್ಟರಿಯ ಬಗ್ಗೆಯೇ ಮುಕ್ಕಾಲು ಗಂಟೆ ಕೊರೆದರು. ಆಮೇಲೆ ನಿರೂಪಕರು ನೇರ ವಂದನಾರ್ಪಣೆಗೆ ಹಾರಿದರು.

"ತಾತ ಮಾತಾಡ್ಬೇಕು ಸರ್," ಎಂದೆ.

"ಟೈಮ್ ಇಲ್ಲ ಮೇಡಂ, ಬಿಸಿಬೇಳೆಬಾತ್ ಆರ್ತಾ ಇದೆ. ಗ್ರೂಪ್ ಫೋಟೋ ತೆಗ್ಸಿ ಮುಗಿಸ್ಬಿಡೋಣ."

ನನಗೆ ಮೈಯೆಲ್ಲ ಉರಿಯಿತು. "ಆರಿದ್ರೆ ಮತ್ತೆ ಬಿಸಿ ಮಾಡ್ಕೊಂಡ್ ತಿನ್ನಿ!" ಎಂದು ಮೈಕ್ ಕಿತ್ತುಕೊಂಡು ತಾತನ ಕೈಗಿಟ್ಟೆ.

ಅವರು ಎದ್ದು ನೆಟ್ಟಗೆ ನಿಂತು ಒಂದು ಹೆಸರು ಕೂಗಿದರು. ಸುಮ್ಮನಾದರು. ಇನ್ನೊಂದು ಹೆಸರು. ಮತ್ತೆ ಮೌನ. ಉಳಿದವು ಮರೆತೇಹೋದವೇನೋ ಎಂದು ನನಗೆ ಗಾಬರಿ. ಮೂರನೆಯ ಹೆಸರಿಗೆ ಅರ್ಥವಾಯಿತು: ತಾತ ಸೈನ್ಯದ ಹಾಜರಿ ಕರೆಯುತ್ತಿದ್ದರು, ಓಗೊಡಲು ಪ್ರತಿಯೊಬ್ಬನಿಗೂ ಸಮಯ ಕೊಡುತ್ತಿದ್ದರು. ತಟ್ಟೆ ಹಿಡಿದು ಸಾಲಿನಲ್ಲಿದ್ದವರು ಅಲುಗಾಡಲಿಲ್ಲ. ನಾನು ಆಮಂತ್ರಣದ ಹಿಂಬದಿಯಲ್ಲಿ, ಕಿವಿಗೆ ಕೇಳಿಸಿದ ಹಾಗೆ, ಕನ್ನಡದಲ್ಲೇ ಬರೆದುಕೊಳ್ಳುತ್ತ ಹೋದೆ. ಅಳು ಬಂದು ಅಕ್ಷರಗಳೆಲ್ಲ ಸೊಟ್ಟಗಾದವು.

ಒಂಬತ್ತು ಮುಗಿದ ಮೇಲೆ ತಾತ ತಮ್ಮ ಹೆಸರನ್ನೂ ಕೂಗಿದರು. ಅದಕ್ಕೂ ಅಷ್ಟೇ ಹೊತ್ತು ಕಾದು, ಮೆಲ್ಲಗೆ, "ಯೆಸ್ ಸರ್" ಎಂದರು.