ದಾದಾಪೀರನ ಏಳನೆಯ ಪೆಟ್ಟು

ನಿನ್ನೆ ಬೆಳಗ್ಗೆ ಅಡುಗೆಮನೆಯ ಸ್ಟೀಲಿನ ಲೋಟಗಳು ತಮ್ಮಷ್ಟಕ್ಕೆ ತಾವೇ ನಡುಗತೊಡಗಿದವು. ಇದು ಭೂಕಂಪವಲ್ಲ, ಆಟೋ ಎಂಬುದು ಬಳ್ಳಾರಿಯ ನಮ್ಮ ಕೌಲ್ ಬಜಾರಿನಲ್ಲಿ ಎಲ್ಲರಿಗೂ ಗೊತ್ತು. ಸೀಟಿನ ಹಿಂದೆ ದೊಡ್ಡ ಸ್ಪೀಕರ್ ಕೂರಿಸಿಕೊಂಡ ಆಟೋ ಬಾಗಿಲಲ್ಲೇ ನಿಂತಿತ್ತು. ಬೈಯೋಣವೆಂದು ಹೊರಗೆ ಹೋದವನಿಗೆ, ನುಡಿಸುತ್ತಿರುವವನು ಯಾರೆಂದು ಗುರುತು ಸಿಕ್ಕಿಬಿಟ್ಟಿತು.

“ನಮ್ಮ ದಾದಾಂದು ಬೇಸ್ ರೀ ಸಾರ್. ಕೇಳ್ರಿ, ಎದಿಗೆ ಹೆಂಗ ಬಡೀತೈತಿ!” ಎಂದ ಡ್ರೈವರ್.

ಕೇಳ್ರಿ ಎಂದು ನನಗೆ ಹೇಳುತ್ತಾನೆ! ನಿಮಗಾದರೂ ನಿಜ ಹೇಳಿಬಿಡುತ್ತೇನೆ: ಆ ಬೇಸು ಹನ್ನೊಂದು ವರ್ಷ ಯಾರ ಕಿವಿಗೂ ಬೀಳದಂತೆ ನೋಡಿಕೊಂಡವನು ನಾನೇ.

ಆಗ ನನ್ನದೊಂದು ಆರ್ಕೆಸ್ಟ್ರಾ ಇತ್ತು. ಕೀಬೋರ್ಡು ನನ್ನದು, ಮಿಕ್ಸರಿನ ಗುಂಡಿಗಳೂ ನನ್ನ ಕೈಯಲ್ಲೇ. ಸಿರುಗುಪ್ಪದ ದಾದಾಪೀರ್ ನಾಲ್ಕು ತಂತಿಯ ಬೇಸ್ ಗಿಟಾರು ನುಡಿಸುತ್ತಿದ್ದ. ಕುರುಗೋಡಿನ ಮದುವೆಯಿರಲಿ, ದೇಶನೂರಿನ ನಾಮಕರಣವಿರಲಿ, ಹಿರಿಯರೊಬ್ಬರು ಎದೆ ಹಿಡಿದುಕೊಂಡು ಬಂದು “ಆ ಗುಂ ಗುಂ ಕಡಿಮಿ ಮಾಡ್ರಿ” ಎನ್ನುವುದು ಒಂದು ಶಾಸ್ತ್ರದಂತೆ ನಡೆಯುತ್ತಿತ್ತು. ನಾನು ಗುಂಡಿ ತಿರುಗಿಸುತ್ತಿದ್ದೆ. ದಾದಾ ಒಮ್ಮೆ ಮಾತ್ರ, ಊಟದ ಪಂಕ್ತಿಯಲ್ಲಿ ಕೇಳಿದ್ದ: “ಅಣ್ಣಾ, ಹಾಡೋರು ಉಣ್ಣಾಕ ಹೋದಾಗ ನಾನೊಬ್ಬನ ನಾಲ್ಕು ನಿಮಿಷ ಬಾರಿಸ್ಲೇನು?”

“ಬರೇ ಬೇಸ್ ಯಾರು ಕೇಳ್ತಾರಲೇ? ಮಂದಿ ಎದ್ದು ಹೋಗ್ತಾರ” ಎಂದೆ. ಅವನು ಮತ್ತೆ ಕೇಳಲಿಲ್ಲ. ಆರು ತಿಂಗಳಿಗೆ ಚೆನ್ನೈಗೆ ಹೊರಟುಹೋದ.

ಅಲ್ಲಿ ಸಿನಿಮಾ ಸ್ಟುಡಿಯೋಗಳು, ಆಮೇಲೆ ಜಾಝ್ ಫ್ಯೂಷನ್ ತಂಡಗಳು, ಆಮೇಲೆ ವಿಮಾನ. ಅವನ ಫೋಟೋ ಪೇಪರಿನಲ್ಲಿ ಬಂದಾಗಲೆಲ್ಲ “ನಮ್ಮ ತಂಡದಾಗ ಇದ್ದಾವ” ಎಂದು ಬಳ್ಳಾರಿಯೆಲ್ಲ ಹೇಳಿಕೊಂಡು ತಿರುಗಿದವನೂ ನಾನೇ. ನಾಚಿಕೆ ನನಗೆ ಸ್ವಲ್ಪ ತಡವಾಗಿ ಬರುತ್ತದೆ.

ಹೋದ ಚಳಿಗಾಲದಲ್ಲಿ ಅವನ ಸ್ವಂತ ಆಲ್ಬಂ ‘ಪಟ್ಟಾ’ ಬಂತು. ಹಾಡುವವರೇ ಇಲ್ಲ, ಬೇಸೇ ಎಲ್ಲ. ದೊಡ್ಡ ಊರುಗಳಲ್ಲಿ ಜನ ಮೆಚ್ಚಿ ತಲೆದೂಗಿದರು. ಅವನಿಗೆ ಸಮಾಧಾನವಿಲ್ಲ. “ಅದೆಲ್ಲಾ ಆತಣ್ಣಾ,” ಎಂದ ಫೋನಿನಲ್ಲಿ. “ಸಿರುಗುಪ್ಪದಾಗ ಅಪ್ಪನ ಮಿಲ್ಲಿನ ಮುಂದ ಬಾರಿಸ್ಬೇಕು. ನಮ್ಮ ಮಂದಿ ಕುಂತು ಕೇಳಿದ್ರ ನಾ ಗೆದ್ದೆ. ಎದ್ದು ಹೋದ್ರ ನೀ ಅಂದಿದ್ದ ಖರೆ.”

ಅವನ ಅಪ್ಪ ಅಲ್ಲಿಯ ರೈಸ್ ಮಿಲ್ಲಿನಲ್ಲಿ ಇಂಜಿನ್ ನೋಡಿಕೊಳ್ಳುತ್ತಿದ್ದವರು. ಭತ್ತ ಒಣಗಿಸುವ ಕಣದಲ್ಲೇ ವೇದಿಕೆ ಹಾಕಿದೆವು. ಹಮಾಲರು, ಮಿಲ್ಲಿನ ಹೆಂಗಸರು, ಪೇಟೆಯ ವ್ಯಾಪಾರಿಗಳು ಬಂದು ಕೂತರು. ನಿರೂಪಣೆ ನನ್ನದು. ಜನ ಏಳತೊಡಗಿದರೆ ಗೇಟು ಹಾಕಿಸಿಬಿಡಲೇ ಎಂದೂ ಯೋಚಿಸಿದೆ.

ದಾದಾ ಶುರು ಮಾಡಿದ. “ಹಾಡು ಯಾವಾಗ ರೀ?” ಎಂದು ಯಾರೋ ಕೇಳಿದರು. ಜನರನ್ನು ಹುರಿದುಂಬಿಸೋಣವೆಂದು ನಾಲ್ಕರ ಲೆಕ್ಕದಲ್ಲಿ ಜೋರಾಗಿ ಚಪ್ಪಾಳೆ ತಟ್ಟತೊಡಗಿದೆ. ಮುಂದೆ ಕೂತಿದ್ದ ಮುದುಕ ಹಮಾಲನೊಬ್ಬ ನನ್ನ ಕೈ ಹಿಡಿದು ನಿಲ್ಲಿಸಿದ.

“ತಪ್ಪಾತ್ರಿ ಸಾರ್. ಜಾಯಿಂಟ್ ಏಳಕ್ಕ ಬರ್ತೈತಿ.”

ಹಳೆಯ ಮಿಲ್ಲಿನಲ್ಲಿ ಇಂಜಿನ್ನಿನಿಂದ ಯಂತ್ರಕ್ಕೆ ಉದ್ದನೆಯ ಚರ್ಮದ ಪಟ್ಟಾ ಓಡುತ್ತಿತ್ತಂತೆ. ಸಣ್ಣ ಚಕ್ರ ಏಳು ಸುತ್ತು ತಿರುಗಿದರೆ ಪಟ್ಟಾದ ಜಾಯಿಂಟು, ಎಂದರೆ ಹೊಲಿಗೆ, ಒಮ್ಮೆ ಚಕ್ರಕ್ಕೆ ಟಪ್ ಎಂದು ಬಡಿಯುತ್ತಿತ್ತು. ಆ ಪೆಟ್ಟು ಹಿಂದುಮುಂದಾದರೆ ಪಟ್ಟಾ ಜಾರುತ್ತಿದೆ ಎಂದು ಅರ್ಥ. ದಾದಾನ ಅಪ್ಪ ಓಡಿಹೋಗಿ ಇಂಜಿನ್ ನಿಲ್ಲಿಸುತ್ತಿದ್ದರು. ಮೂಟೆ ಹೊರುವವರೆಲ್ಲ ಆ ಏಳನ್ನು ಕಿವಿಯಲ್ಲಿಟ್ಟುಕೊಂಡೇ ದುಡಿದಿದ್ದರು. ಬೇಸಿನ ತಂತಿಗಳ ಮೇಲೆ ಓಡುತ್ತಿದ್ದುದು ಅದೇ ಪಟ್ಟಾ! ಏಳನೆಯ ಪೆಟ್ಟಿಗೆ ಕಣದ ತುಂಬ ಅಂಗೈಗಳು ಒಟ್ಟಿಗೆ ಬಿದ್ದವು. ಸಂಗೀತಗಾರನೆನಿಸಿಕೊಂಡ ನಾನೊಬ್ಬನೇ ತಾಳ ತಪ್ಪಿದವನು.

ಕೊನೆಗೆ ಜನ ಎದ್ದರು, ನಿಜ. “ಇನ್ನೊಮ್ಮೆ!” ಎಂದು ಕೂಗಲು ಎದ್ದರು. ದಾದಾ ಗಿಟಾರನ್ನು ಎದೆಗೆ ಒತ್ತಿಕೊಂಡು ನಗುತ್ತಿದ್ದ. ನಾನು ಮೈಕು ಹಿಡಿದುಕೊಂಡೇ ಅತ್ತುಬಿಟ್ಟೆ.

ಮುಂದಿನ ವಾರ ಕುರುಗೋಡಿನಲ್ಲಿ ಅವನ ಕಾರ್ಯಕ್ರಮವಿದೆ. ಕೀಬೋರ್ಡಿಗೆ ನನ್ನನ್ನೇ ಕರೆದಿದ್ದಾನೆ. “ಬಾ ಅಣ್ಣಾ. ಮೊದ್ಲು ಸುಮ್ನ ಕೇಳು, ಆಮ್ಯಾಲೆ ಕೈ ಹಚ್ಚು” ಎಂದಿದ್ದಾನೆ. ದಿನವೂ ಅವನ ಆಲ್ಬಂ ಹಾಕಿಕೊಂಡು, ಮೊಣಕಾಲು ತಟ್ಟಿಕೊಂಡು ಎಣಿಸುತ್ತೇನೆ. ಐದಕ್ಕೋ ಆರಕ್ಕೋ ಎಡವುತ್ತೇನೆ. ಇವತ್ತು ಮೊದಲ ಬಾರಿಗೆ ಅವನ ಏಳೂ ನನ್ನ ಏಳೂ ಒಂದೇ ಗಳಿಗೆಗೆ ಬಿದ್ದವು. ಐವತ್ತೆಂಟರ ಗಂಡಸು, ಮನೆಯಲ್ಲಿ ಒಬ್ಬನೇ ಎದ್ದು ನಿಂತು ಚಪ್ಪಾಳೆ ತಟ್ಟಿದೆ.